ನೆಲದೊಳಗಿನ ಕೋಟೆ, ನೆಲದ ಮೇಲಿನ ನೆನಪು

(ಕಮಲಾಪುರದಲ್ಲಿ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ)



ಕಮಲಾಪುರದಿಂದ ಕಲಬುರಗಿಗೆ ದಿನವೂ ಓಡಾಡುವ ನಿಮಗೆ ಅಲ್ಲಿನ ಕೋಟೆ ಹೊಸದಲ್ಲ. ಆದರೆ ಒಂದು ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಯುದ್ಧಕ್ಕೆಂದೇ ಕಟ್ಟಿದ ಕಟ್ಟಡ, ಯುದ್ಧದ ಕಾಲ ಮುಗಿದ ಮೇಲೆ ಏನಾಗಬೇಕು? ಜಗತ್ತಿನ ಹಲವೆಡೆ ಅದು ವಸ್ತುಸಂಗ್ರಹಾಲಯವಾಗಿದೆ. ಹಾಗಾದಾಗ ಅದು ನಮಗೆ ಏನನ್ನು ಹೇಳಬೇಕು ಎಂಬುದೇ ಇಂದಿನ ವಿಷಯ.

1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. ಹಳೆಯ ಕೋಟೆ ಬಲಗೊಂಡಿತು. ಎರಡು ಸುತ್ತಿನ ಗೋಡೆ, ಅದರಾಚೆ ಅಗಲವಾದ ಕಂದಕ, ನಡುವೆ ಎತ್ತರದ ಬಾಲಾ ಹಿಸಾರ್. ಇದರ ಹಿಂದಿನ ಲೆಕ್ಕಾಚಾರ ಸರಳ: ಶತ್ರು ಹತ್ತಿರ ಬರಬಾರದು, ಬಂದರೂ ಹತ್ತಬಾರದು. ಏಣಿ, ಆನೆ, ಕಲ್ಲು ಎಸೆಯುವ ಯಂತ್ರಗಳ ಕಾಲದಲ್ಲಿ ಗೋಡೆ ಎತ್ತರವಾದಷ್ಟೂ ಕ್ಷೇಮ.

ಮದ್ದುಗುಂಡು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಕೋಟೆಯ ಬುರುಜಿನ ಮೇಲಿರುವ ಸುಮಾರು 29 ಅಡಿ ಉದ್ದದ ತೋಪನ್ನು ನೀವು ನೋಡಿರಬಹುದು. ಅಂಥ ತೋಪುಗಳು ಬಂದ ಮೇಲೆ ಎತ್ತರದ ಗೋಡೆಯೇ ಸುಲಭದ ಗುರಿಯಾಯಿತು. ಲೋಕದೆಲ್ಲೆಡೆ ಕೋಟೆಗಳು ಕುಳ್ಳಗಾದವು, ದಪ್ಪವಾದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಿಡಿಯುವ ಗುಂಡುಗಳ ಬಲ ಹೆಚ್ಚಿದಾಗ ಅವು ಕಾಂಕ್ರೀಟಿನ ಹೊದಿಕೆ ಹೊದ್ದು ನೆಲದೊಳಗೇ ಇಳಿದವು.

ಬೆಲ್ಜಿಯಂ ದೇಶದ ಎಬೆನ್-ಎಮಾಯೆಲ್ ಅಂಥ ಕೋಟೆ. 1930ರ ದಶಕದಲ್ಲಿ ಗುಡ್ಡದೊಳಗೆ ಸುರಂಗಗಳನ್ನು ಕೊರೆದು ಕಟ್ಟಿದ್ದು. ಅದನ್ನು ಗೆಲ್ಲಲಾಗದು ಎಂದೇ ಹಲವರು ನಂಬಿದ್ದರು. 1940ರ ಮೇ 10ರ ನಸುಕಿನಲ್ಲಿ ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳಲ್ಲಿ ನೂರಕ್ಕೂ ಕಡಿಮೆ ಜರ್ಮನ್ ಸೈನಿಕರು ಸದ್ದಿಲ್ಲದೆ ಬಂದು ಅದರ ನೆತ್ತಿಯ ಮೇಲೆಯೇ ಇಳಿದರು. ಉಕ್ಕಿನ ಗುಮ್ಮಟಗಳನ್ನು ಭೇದಿಸುವ ಹೊಸ ಬಗೆಯ ಸ್ಫೋಟಕಗಳು ಅವರ ಬಳಿ ಇದ್ದವು. ಮರುದಿನ ಕೋಟೆ ಶರಣಾಯಿತು. ಇಂದು ಅದು ವಸ್ತುಸಂಗ್ರಹಾಲಯ. ಸೈನಿಕರು ಮಲಗಿದ, ಉಂಡ, ಕಾದ ಕೋಣೆಗಳ ನಡುವೆ ಪ್ರವಾಸಿಗರು ನಡೆದು ಹೋಗುತ್ತಾರೆ.

ಅಷ್ಟು ದೂರ ಹೋಗಬೇಕಾಗಿಲ್ಲ. ಕಲಬುರಗಿಯಲ್ಲಿ ರೈಲು ಹತ್ತಿದರೆ ಮುಂಬೈ ಒಂದು ರಾತ್ರಿಯ ಪ್ರಯಾಣ. ಅಲ್ಲಿನ ಮಲಬಾರ್ ಹಿಲ್‌ನ ರಾಜಭವನದ ಅಡಿಯಲ್ಲಿ ಬ್ರಿಟಿಷರ ಕಾಲದ ನೆಲಮಾಳಿಗೆಯೊಂದು 2016ರಲ್ಲಿ ಪತ್ತೆಯಾಯಿತು. ಸುಮಾರು 15,000 ಚದರ ಅಡಿ, 13 ಕೋಣೆಗಳು. ಫಿರಂಗಿ ಗುಂಡುಗಳನ್ನೂ ಮದ್ದನ್ನೂ ಇರಿಸಲು ಬೇರೆ ಬೇರೆ ಕೋಣೆಗಳಿದ್ದವು. 2019ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಸಮುದ್ರದ ಕಡೆಯಿಂದ ಬರಬಹುದಾದ ಶತ್ರುವಿಗೆಂದು ಮಾಡಿದ ಸಿದ್ಧತೆ, ದಶಕಗಳ ಕಾಲ ಮುಚ್ಚಿದ ಗೋಡೆಯ ಹಿಂದೆ ಮರೆತೇಹೋಗಿತ್ತು.

ನೆಲವನ್ನು ಕೊರೆಯುವ ವಿದ್ಯೆ ಕೊಲ್ಲುವುದಕ್ಕೇ ಮೀಸಲಲ್ಲ. ನಿಮ್ಮೂರಿನ ಈ ರಸ್ತೆ ಹುಮನಾಬಾದಿನ ಮೂಲಕ ಬೀದರಿಗೆ ಹೋಗುತ್ತದೆ. ಬಹಮನಿಗಳ ರಾಜಧಾನಿಯೂ ಹದಿನೈದನೆಯ ಶತಮಾನದಲ್ಲಿ ಕಲಬುರಗಿಯಿಂದ ಬೀದರಿಗೇ ಹೋಯಿತು. ಅಲ್ಲಿ ನೌಬಾದಿನ ಬಳಿ ಪರ್ಶಿಯಾದ ಮಾದರಿಯಲ್ಲಿ ನೆಲದೊಳಗೆ ಕೊರೆದ ಕರೇಜ್ ಕಾಲುವೆ ಇದೆ. ಸುರಂಗ ಅದೇ, ಉದ್ದೇಶ ಮಾತ್ರ ಜನರಿಗೆ ನೀರು ಕೊಡುವುದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೋಟೆಗೆ ಹೋದವರು ಸಾಮಾನ್ಯವಾಗಿ ತೋಪಿನ ಉದ್ದ ನೋಡಿ ಬೆರಗಾಗುತ್ತಾರೆ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಯಾರ ಮೇಲೆ ಹಾರಿತು ಎಂದು ಕೇಳುವವರು ಕಡಿಮೆ. ವಸ್ತುಸಂಗ್ರಹಾಲಯ ಆಯುಧದ ಉದ್ದಳತೆಯನ್ನಷ್ಟೇ ಹೇಳಿದರೆ ಅರ್ಧ ಇತಿಹಾಸವನ್ನು ಮಾತ್ರ ಹೇಳಿದಂತೆ.

ಉಳಿದರ್ಧಕ್ಕೆ ನಮ್ಮ ಕೋಟೆಯಲ್ಲೇ ಒಂದು ಕಥೆಯಿದೆ. 1366ರಲ್ಲಿ ಒಂದನೆಯ ಮಹಮ್ಮದ್ ಷಾನಿಗೂ ವಿಜಯನಗರದ ಬುಕ್ಕರಾಯನಿಗೂ ಯುದ್ಧವಾಯಿತು. ಮುದಗಲ್ಲಿನ ಕೋಟೆಯಲ್ಲಿದ್ದವರ ಹತ್ಯೆ, ಅದಕ್ಕೆ ಪ್ರತಿಯಾಗಿ ಹೆಂಗಸರು ಮಕ್ಕಳೆನ್ನದೆ ನಡೆದ ಭೀಕರ ಕೊಲೆಗಳನ್ನು ಫರಿಷ್ತಾ ವರ್ಣಿಸಿದ್ದಾನೆ. ಕೊನೆಗೆ ಗೆದ್ದ ಮೇಲೆ ಶತ್ರುಗಳನ್ನು ಕೊಲ್ಲುವುದಿಲ್ಲ, ತನ್ನ ಮುಂದಿನವರೂ ಹಾಗೆಯೇ ನಡೆಯಬೇಕು ಎಂದು ಸುಲ್ತಾನ ಪ್ರಮಾಣ ಮಾಡಿದನಂತೆ. ಫರಿಷ್ತಾ ಬರೆದದ್ದು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅವನ ಅಂಕಿಅಂಶಗಳನ್ನೂ, ಆ ಯುದ್ಧದಲ್ಲಿ ತೋಪುಗಳಿದ್ದವೆಂಬ ಮಾತನ್ನೂ ಇತಿಹಾಸಕಾರರು ಸುಲಭವಾಗಿ ಒಪ್ಪುವುದಿಲ್ಲ. ಆದರೂ ನಿರಾಯುಧರನ್ನು ಕೊಲ್ಲಬಾರದೆಂಬ ಮಾತು ದಖ್ಖನಿನ ನೆನಪಿನಲ್ಲಿ ಅಷ್ಟು ಹಿಂದೆಯೇ ಇತ್ತೆಂಬುದು ಸಣ್ಣ ಸಂಗತಿಯಲ್ಲ. ಕೋಟೆಯೊಳಗಿನ ಜಾಮಿ ಮಸೀದಿ ಕೂಡ 1367ರದು. ಅಂಗಳವನ್ನೂ ಸೇರಿಸಿ ಪೂರ್ತಿ ಛಾವಣಿ ಹೊದಿಸಿದ ಅಪರೂಪದ ಕಟ್ಟಡ. ತೋಪು, ಪ್ರಾರ್ಥನೆ, ಪ್ರಮಾಣ ಈ ಮೂರನ್ನೂ ಒಟ್ಟಿಗೆ ಹೇಳಬಲ್ಲ ಜಾಗ ಇದು.

ಕಲಬುರಗಿಗೆ ಹಳೆಯ ಕಟ್ಟಡವನ್ನು ಹೊಸ ಕೆಲಸಕ್ಕೆ ಒಗ್ಗಿಸುವುದು ತಿಳಿಯದ್ದೇನಲ್ಲ. ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯವೇ ಬಹಮನಿ ಕಾಲದ ಎರಡು ಗುಮ್ಮಟಗಳಲ್ಲಿದೆ. ಕೋಟೆಯ ಸಮಸ್ಯೆ ಅಷ್ಟು ಸರಳವಲ್ಲ. ಬಹುಕಾಲದಿಂದ ಅದರೊಳಗೆ ಮನೆ ಮಾಡಿಕೊಂಡ ಕುಟುಂಬಗಳ ತೆರವಿನ ವಿಷಯ ನ್ಯಾಯಾಲಯದವರೆಗೂ ಹೋಗಿದೆ. ಸ್ಮಾರಕ ಉಳಿಯಬೇಕು, ನಿಜ. ಅಲ್ಲಿ ಹುಟ್ಟಿ ಬೆಳೆದವರಿಗೆ ಬೇರೆ ನೆಲೆ ಸಿಗಬೇಕೆಂಬುದೂ ಅಷ್ಟೇ ನಿಜ. ಜನರನ್ನು ಕಾಯಲೆಂದು ಕಟ್ಟಿದ ಗೋಡೆಯನ್ನು ಉಳಿಸುವ ಹೆಸರಿನಲ್ಲಿ ಬಡವರು ಬೀದಿಗೆ ಬೀಳಬಾರದು.

ಮುಂದಿನ ಸಲ ಕೋಟೆಗೆ ಹೋದಾಗ ತೋಪಿನ ಹಿಂದೆ ಒಮ್ಮೆ, ಅದು ಮುಖ ಮಾಡಿರುವ ಬಯಲಿನಲ್ಲಿ ಒಮ್ಮೆ ನಿಂತು ನೋಡಿ. ಎರಡೂ ಕಡೆ ನಿಂತವರು ಇದೇ ದಖ್ಖನಿನ ರೈತರ ಮಕ್ಕಳಾಗಿದ್ದರು ಎಂಬುದನ್ನು ಜೊತೆಗಿರುವ ಚಿಕ್ಕವರಿಗೆ ಹೇಳಿ.