ಹೊಸ ಲಿಪಿಯೂ ಹೊಸ ಬೀಗವೂ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಒಂದು ಕಾಲದಲ್ಲಿ ಮನೆಯಲ್ಲಿ ಬಾನುಲಿ ಪೆಟ್ಟಿಗೆಯನ್ನಿಡಬೇಕಾದರೆ ಅಂಚೆಯ ಕಚೇರಿಗೆ ಹೋಗಿ ಪರವಾನಗಿಯ ಹಣ ಕಟ್ಟಬೇಕಾಗಿದ್ದಿತು. ಹಾಗೆ ಕಟ್ಟಿದವರು ಈ ಸಭೆಯಲ್ಲಿಯೂ ಕೆಲವರಿರಬಹುದು. ಗಾಳಿಯಲ್ಲಿ ಹರಿದುಬರುವ ಮಾತನ್ನು ಕೇಳುವುದಕ್ಕೂ ಅಪ್ಪಣೆ ಬೇಕೇ ಎಂದು ಆಗ ಅನೇಕರು ಬೆರಗಾದುದುಂಟು. ಅದೇ ಪ್ರಶ್ನೆಯನ್ನು ದೂರದ ನಾಡೊಂದರ ಜನರು ಈಚೆಗೆ ಹೇಗೆ ಎದುರಿಸಿದರೆಂಬುದನ್ನು ತಮ್ಮ ಮುಂದೆ ನಿವೇದಿಸುವುದು ಇಂದು ನನ್ನ ಉದ್ದೇಶ.

ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಸಾಂಟಾ ಕ್ಲಾರಾ ಎಂಬ ಕೌಂಟಿಯಿದೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ. ಗಣಕಯಂತ್ರದ ಉದ್ಯಮಕ್ಕೆ ಹೆಸರಾದ ಸಿಲಿಕಾನ್ ಕಣಿವೆಯ ಬಹುಭಾಗ ಅಲ್ಲಿಯೇ ಇದೆ. ಉದ್ಯೋಗವನ್ನರಸಿ ಹೋಗಿ ನೆಲೆಸಿದ ಕನ್ನಡಿಗರೂ ಆ ಸೀಮೆಯಲ್ಲಿ ಬಹುಮಂದಿ ಇದ್ದಾರೆ.

ಪೋಲೀಸರ ಗಾಡಿಗಳಿಗೆ ಬಾನುಲಿಯ ಮೂಲಕ ಆಜ್ಞೆ ಕಳುಹಿಸುವ ಪದ್ಧತಿ ಆ ದೇಶದ ಡೆಟ್ರಾಯಿಟ್ ನಗರದಲ್ಲಿ 1928ರಲ್ಲಿ ನೆಲೆಗೊಂಡಿತು. ಅದು ಹರಡಿದಂತೆಲ್ಲ ಮನೆಯಲ್ಲಿ ಕುಳಿತು ಆಲಿಸುವವರೂ ಹುಟ್ಟಿಕೊಂಡರು. ಮುಂದೆ ಸ್ಕ್ಯಾನರ್ ಎಂಬ ಪೆಟ್ಟಿಗೆ ಬಂದಿತು. ಅದು ಹತ್ತಾರು ಕಂಪನಾಂಕಗಳಿಗೆ ಒಂದಾದ ಮೇಲೊಂದರಂತೆ ಕಿವಿಯಿಟ್ಟು, ಮಾತು ಕೇಳಿಸಿದೆಡೆ ನಿಲ್ಲುವುದು. ಮಾತು ಮುಗಿದೊಡನೆ ಮತ್ತೆ ಸುತ್ತತೊಡಗುವುದು. ಎಲ್ಲಿ ಬೆಂಕಿ ಬಿದ್ದಿದೆ, ಯಾವ ರಸ್ತೆ ಕಟ್ಟಿದೆ ಎಂಬುದು ಮನೆಯಲ್ಲಿಯೇ ತಿಳಿಯುವುದು. ಪತ್ರಿಕಾಕರ್ತರೂ, ನಿವೃತ್ತ ಅಗ್ನಿಶಾಮಕರೂ, ರಾತ್ರಿಯ ಪಾಳಿಗೆ ಹೋದ ಸಿಬ್ಬಂದಿಯ ಮನೆಯವರೂ, ಬರಿಯ ಕುತೂಹಲಿಗಳೂ ಈ ಹವ್ಯಾಸಕ್ಕೆ ಒಲಿದವರು. ಸಾರ್ವಜನಿಕರಿಗೆ ಸುಲಭವಾಗಿ ದೊರೆಯುವಂತಿರುವ ಪೋಲೀಸು ಮತ್ತು ಅಗ್ನಿಶಾಮಕ ಸಂಭಾಷಣೆಯನ್ನು ಕೇಳುವುದು ಅಪರಾಧವಲ್ಲವೆಂದು 1986ರ ಕೇಂದ್ರ ಕಾನೂನೂ ಒಪ್ಪಿತು.

ಹಳೆಯ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕೊರತೆಯಿದ್ದಿತು. ಒಂದೊಂದು ಊರಿನ ಒಂದೊಂದು ಇಲಾಖೆಗೂ ಬೇರೆ ಬೇರೆ ಉಪಕರಣ. ಒಬ್ಬರ ಮಾತು ಇನ್ನೊಬ್ಬರಿಗೆ ತಲಪದು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿಯುವ ಮುನ್ನ ಪೋಲೀಸು ಹೆಲಿಕಾಪ್ಟರಿನಿಂದ ಬಂದ ಎಚ್ಚರಿಕೆ ಅಗ್ನಿಶಾಮಕರ ಬಾನುಲಿಗೆ ಮುಟ್ಟಲಿಲ್ಲ. ಆ ದಿನ ಮಡಿದ ಅಗ್ನಿಶಾಮಕರು 343 ಮಂದಿ. ಎಲ್ಲ ಇಲಾಖೆಗಳಿಗೂ ಸಲ್ಲುವ ಒಂದೇ ಡಿಜಿಟಲ್ ಪದ್ಧತಿಯನ್ನು ರೂಪಿಸುವ ಕೆಲಸ 1989ರಲ್ಲಿಯೇ ‘ಪ್ರಾಜೆಕ್ಟ್ 25’ ಎಂಬ ಹೆಸರಿನಿಂದ ಮೊದಲಾಗಿದ್ದಿತು. ಈ ದುರಂತದ ತರುವಾಯ ಅದಕ್ಕೆ ಬಲ ಬಂದಿತು. ಸಾಂಟಾ ಕ್ಲಾರಾ ಕೌಂಟಿಯೂ ಅದರ ನಗರಗಳೂ ಕೂಡಿಕೊಂಡು ಅಂತಹ ಒಂದು ಜಂಟಿ ವ್ಯವಸ್ಥೆಯನ್ನು 2020ರ ಹಿಂದುಮುಂದಿನ ವರ್ಷಗಳಲ್ಲಿ ಹಂತಹಂತವಾಗಿ ಬಳಕೆಗೆ ತಂದವು. ಇದು ಅಗತ್ಯವಾಗಿದ್ದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಹವ್ಯಾಸಿಗಳ ಹಳೆಯ ಪೆಟ್ಟಿಗೆಗಳು ಒಮ್ಮೆಲೇ ಮೂಕವಾದವು. ಕಾರಣಗಳು ಮೂರು.

ಮೊದಲನೆಯದು, ಮಾತು ಅಂಕಿಗಳಾಗಿ ಮಾರ್ಪಟ್ಟುದು. ಹಳೆಯ ಬಾನುಲಿಯಲ್ಲಿ ದೂರ ಹೆಚ್ಚಿದಂತೆ ಸದ್ದು ಮೆಲ್ಲಮೆಲ್ಲನೆ ಮಸುಕಾಗುತ್ತಿದ್ದಿತು. ಹೊಸದರಲ್ಲಿ ಹಾಗಲ್ಲ, ಒಂದು ಎಲ್ಲೆಯವರೆಗೆ ಸ್ಪಷ್ಟ, ಅದರಾಚೆ ಪೂರ್ಣ ಮೌನ.

ಎರಡನೆಯದು, ಮಾತಿಗೆ ಸ್ಥಿರವಾದ ಮನೆಯಿಲ್ಲದಿರುವುದು. ರೈಲು ನಿಲ್ದಾಣದಲ್ಲಿ ಊರಿಗೊಂದು ಟಿಕೆಟಿನ ಕಿಂಡಿಯಿದ್ದುದನ್ನು ತೆಗೆದು, ಬಾಗಿಲಲ್ಲಿ ಒಬ್ಬ ಗುಮಾಸ್ತನನ್ನು ನಿಲ್ಲಿಸಿ, ಬಂದವರನ್ನು ಬಿಡುವಾಗಿರುವ ಕಿಂಡಿಗೆ ಕಳುಹಿಸಿದರೆ ಹೇಗೋ ಹಾಗೆ, ಇಲ್ಲಿ ಒಂದು ನಿಯಂತ್ರಣ ವಾಹಿನಿ ಪ್ರತಿಯೊಂದು ಮಾತಿಗೂ ಆ ಕ್ಷಣಕ್ಕೆ ತೆರವಾದ ಕಂಪನಾಂಕವನ್ನು ಹಂಚುತ್ತದೆ. ಆಲಿಸುವವನು ಮೊದಲು ಆ ಗುಮಾಸ್ತನ ಸಂಜ್ಞೆಯನ್ನು ಅರಿಯಬೇಕು.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಹಲವು ಗೋಪುರಗಳು ಒಂದೇ ಮಾತನ್ನು ಒಂದೇ ಕಂಪನಾಂಕದಲ್ಲಿ ಏಕಕಾಲಕ್ಕೆ ಬಿತ್ತರಿಸುತ್ತವೆ. ಹದಿನೈದು ಕಿಲೋಮೀಟರ್ ಹೆಚ್ಚು ದೂರದ ಗೋಪುರದ ಅಲೆ ಒಂದು ಸೆಕೆಂಡಿನ 20,000ದಲ್ಲೊಂದು ಭಾಗದಷ್ಟು ತಡವಾಗಿ ಬರುವುದು. ನಮ್ಮ ಕಿವಿಗೆ ಅದು ತಿಳಿಯದು. ಆದರೆ ಸೆಕೆಂಡಿಗೆ 6,000 ಸಂಕೇತಗಳನ್ನು ಓದಬೇಕಾದ ಯಂತ್ರಕ್ಕೆ ಅದು ಒಂದು ಅಕ್ಷರದ ಮೇಲೆ ಇನ್ನೊಂದನ್ನು ಬರೆದಂತಾಗುವುದು. ಹೀಗಾಗಿ ಹೊಸ ಡಿಜಿಟಲ್ ಪೆಟ್ಟಿಗೆಯನ್ನು ನೂರಾರು ಡಾಲರ್ ತೆತ್ತು ಕೊಂಡವರೂ ತೊದಲು ನುಡಿಯನ್ನೇ ಕೇಳಬೇಕಾಯಿತು.

ಹವ್ಯಾಸಿಗಳು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಆಂಟೆನಾವನ್ನು ಎತ್ತರಿಸಿದಷ್ಟೂ ಒಳ್ಳೆಯದೆಂಬುದು ಹಳೆಯ ಪಾಠ. ಈಗ ಅದನ್ನು ಮರೆತು, ಕೆಳಗಿಳಿಸಿ, ಒಂದೇ ದಿಕ್ಕಿಗೆ ತಿರುಗಿಸಿ, ಒಂದು ಗೋಪುರವನ್ನಷ್ಟೇ ಕಾಣುವಂತೆ ಮಾಡಿದರು. ಈ ತೊಡಕನ್ನು ಬಿಡಿಸಲೆಂದೇ ಹೊಸ ಬಗೆಯ ಸ್ಕ್ಯಾನರ್ 2018ರಲ್ಲಿ ಪೇಟೆಗೆ ಬಂದಿತು. ಅಷ್ಟು ಹಣವಿಲ್ಲದವರಿಗೂ ದಾರಿಯಿದ್ದಿತು. ಗಣಕದಲ್ಲಿ ದೂರದರ್ಶನ ನೋಡಲೆಂದು ಮಾಡಿದ ಹೆಬ್ಬೆರಳಿನಷ್ಟರ ಅಗ್ಗದ ಸಾಧನವೊಂದು ಬಾನುಲಿಯ ಹಲವು ಬಗೆಯ ಅಲೆಗಳನ್ನು ಹಿಡಿಯಬಲ್ಲುದೆಂಬುದು 2012ರಲ್ಲಿ ಹವ್ಯಾಸಿಗಳ ಲೋಕಕ್ಕೆ ತಿಳಿದುಬಂದಿದ್ದಿತು. ಅದಕ್ಕೆ ತಕ್ಕ ತಂತ್ರಾಂಶವನ್ನು ತಿಳಿದವರು ಬರೆದು ಎಲ್ಲರಿಗೂ ಉಚಿತವಾಗಿ ಹಂಚಿದರು. ಯಾವ ಸಂಖ್ಯೆಯ ಗುಂಪು ಯಾವ ಠಾಣೆಯದೆಂಬುದನ್ನು ದಿನಗಟ್ಟಲೆ ಆಲಿಸಿ ಪಟ್ಟಿ ಮಾಡಿಕೊಟ್ಟವರೂ ಇದ್ದರು.

ಇವೆಲ್ಲವೂ ಹೊಸ ಲಿಪಿಯನ್ನು ಕಲಿಯುವ ಪ್ರಯಾಸಗಳು. ಪ್ರಯಾಸದಿಂದ ಲಿಪಿಯನ್ನು ಕಲಿಯಬಹುದು. ಆದರೆ ಬೀಗವನ್ನು ಕಲಿಯಲಾಗದು. ಇದೇ ನಾನು ಇಂದು ಒತ್ತಿ ಹೇಳಬೇಕೆಂದಿರುವ ಮಾತು. ಡಿಜಿಟಲ್ ಎಂದರೆ ಗುಪ್ತವೆಂದು ಅರ್ಥವಲ್ಲ. ಗೂಢಲಿಪಿಯೆಂಬುದು ಅದರ ಮೇಲೆ ಬೇಕೆಂದೇ ಹಾಕುವ ಬೀಗ. ಹೊಸ ಯಂತ್ರ ಬಂದುದರಿಂದ ಬೀಗ ತಾನಾಗಿ ಬಿದ್ದಿತೆಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಅದನ್ನು ಹಾಕುವವರು ಮನುಷ್ಯರೇ.

2020ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ನ್ಯಾಯ ಇಲಾಖೆ ಒಂದು ಸೂಚನೆಯನ್ನು ಹೊರಡಿಸಿತು. ಸರಕಾರಿ ದಾಖಲೆಯಿಂದ ಪಡೆದ ಜನರ ಖಾಸಗಿ ವಿವರಗಳು ಬಾನುಲಿಯಲ್ಲಿ ಬಹಿರಂಗವಾಗಬಾರದು. ಸಂಭಾಷಣೆಯನ್ನು ಗೂಢಲಿಪಿಗೊಳಿಸಬೇಕು, ಇಲ್ಲವೆ ಆ ವಿವರಗಳನ್ನು ಹೇಳದಿರುವ ಕ್ರಮವನ್ನು ಕೈಗೊಳ್ಳಬೇಕು ಎಂದು. ಸಾಂಟಾ ಕ್ಲಾರಾ ಕೌಂಟಿಯ ಪಾಲೊ ಆಲ್ಟೊ ನಗರದ ಪೋಲೀಸರು 2021ರ ಜನವರಿಯಲ್ಲಿ ಮೊದಲನೆಯ ದಾರಿಯನ್ನು ಹಿಡಿದರು. ಪತ್ರಿಕೆಗಳೂ ಪೌರರೂ ಆಕ್ಷೇಪಿಸಿದರು. ಹೊಸ ಮುಖ್ಯಾಧಿಕಾರಿ ಬಂದ ಮೇಲೆ 2022ರ ಸೆಪ್ಟೆಂಬರ್ 1ರಂದು ಬೀಗ ತೆಗೆಯಲಾಯಿತು. ಎರಡನೆಯ ದಾರಿಯೂ ಸಾಧ್ಯವೆಂದಾಯಿತು. ಅದೇ ವರ್ಷ ಶಿಕಾಗೊ ನಗರದಲ್ಲಿ ಪೋಲೀಸರ ಮಾತನ್ನು ಮುಚ್ಚಿ, ಮೂವತ್ತು ನಿಮಿಷ ತಡವಾಗಿ ಜನರಿಗೆ ಕೇಳಿಸುವ ಏರ್ಪಾಡು ಬಂದಿತು.

ಪೋಲೀಸರ ಪಕ್ಷದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ದೋಷಿಯೆಂದು ತೀರ್ಮಾನವಾಗದವನ ಹೆಸರು ಬೀದಿಪಾಲಾಗಬಾರದು. 2013ರಲ್ಲಿ ಬಾಸ್ಟನ್ನಿನ ಸ್ಫೋಟದ ತರುವಾಯ ಸ್ಕ್ಯಾನರಿನಲ್ಲಿ ಕೇಳಿದುದೆಂದು ಹಬ್ಬಿದ ಸುದ್ದಿಗಳಿಂದ ನಿರಪರಾಧಿಗಳ ಮೇಲೆ ಶಂಕೆ ಬಿದ್ದಿತು. ತಮ್ಮ ತಂಡಗಳ ನೆಲೆಯನ್ನು ಪ್ರಚುರಪಡಿಸಬೇಡಿರೆಂದು ಪೋಲೀಸರು ಬೇಡಿಕೊಳ್ಳಬೇಕಾಯಿತು. ಆಲಿಸುವ ಹಕ್ಕಿನ ಜೊತೆಗೆ ನಾಲಗೆಯ ಮೇಲಣ ಸಂಯಮವೂ ಇರಬೇಕು.

ಆದರೂ ಇನ್ನೊಂದು ಪಕ್ಷವನ್ನು ನೋಡಿರಿ. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿದ ಕಾಳ್ಗಿಚ್ಚು ಇದೇ ಕೌಂಟಿಯನ್ನೂ ನೆರೆಯ ಕೌಂಟಿಗಳನ್ನೂ ಸೇರಿ ಸುಮಾರು 3,96,000 ಎಕರೆಗಳನ್ನು ಸುಟ್ಟಿತು. ಬೆಂಕಿ ಗುಡ್ಡವನ್ನಿಳಿಯುತ್ತಿರುವಾಗ ಯಾವ ರಸ್ತೆಯನ್ನು ಮುಚ್ಚುತ್ತಿದ್ದಾರೆ, ಯಾವ ಊರನ್ನು ತೆರವು ಮಾಡಿಸುತ್ತಿದ್ದಾರೆ ಎಂಬ ಮಾತು ಅರ್ಧ ಗಂಟೆ ತಡವಾಗಿ ಬಂದರೆ ಯಾರಿಗೆ ಪ್ರಯೋಜನ?

ಗಡಿನಾಡಿನ ನಮಗೆ ಈ ಭೇದ ಹೊಸದಲ್ಲ. ಸರಕಾರದ ಪ್ರಕಟಣೆ ನೆರೆಯ ಲಿಪಿಯಲ್ಲಿ ಬಂದಾಗ ಆ ಲಿಪಿಯನ್ನು ಕಲಿತು ಓದಿದವರು ನಾವು. ನಮ್ಮ ಲಿಪಿಯಲ್ಲಿಯೂ ಕೊಡಿರೆಂದು ಕೇಳಿದವರೂ ನಾವೇ. ಪ್ರಕಟಣೆಯೇ ಇಲ್ಲವೆಂದರೆ ಕಲಿಯುವುದಾದರೂ ಏನನ್ನು?

ಕೊನೆಗೆ ಯುವಕರಿಗೊಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಪೋಲೀಸರ ಬಾನುಲಿಯನ್ನು ಆಲಿಸುವುದಕ್ಕೆ ಅಂತಹ ಅವಕಾಶವಿಲ್ಲ, ಪ್ರಯೋಗಕ್ಕೆ ಕೈಹಾಕಬೇಡಿರಿ. ಆದರೆ ಸಾರ್ವಜನಿಕರ ಹಣದಿಂದ ನಡೆಯುವ ಯಾವ ಕೆಲಸದಲ್ಲಿಯೂ ಹೊಸ ಯಂತ್ರ ಬಂದಾಗ ಇದು ಲಿಪಿಯೋ ಬೀಗವೋ ಎಂದು ಕೇಳುವುದನ್ನು ಮರೆಯಬೇಡಿರಿ. ಲಿಪಿಯಾದರೆ ಶ್ರದ್ಧೆಯಿಂದ ಕಲಿಯಿರಿ. ಬೀಗವಾದರೆ, ಏತಕ್ಕೆ ಹಾಕಿದಿರಿ ಎಂದು ವಿನಯದಿಂದ, ಆದರೆ ಉತ್ತರ ದೊರೆಯುವವರೆಗೆ, ಕೇಳಿರಿ.