ಹಾಯಿದೋಣಿಯ ಮೊದಲ ಪಾಠ

ಕೋಲಾರದಿಂದ ಮುಳಬಾಗಿಲಿನ ಕಡೆಗೆ ಹೊರಟರೆ ಹಾದಿಯಲ್ಲಿ ದೇವರಾಯಸಮುದ್ರ ಸಿಗುತ್ತದೆ. ಹೆಸರಿನಲ್ಲಿ ಸಮುದ್ರವುಂಟು, ನಿಜವಾದ ಸಮುದ್ರವನ್ನು ನೋಡಬೇಕಾದರೆ ಮೂಡಲಿಗೆ ಚೆನ್ನೈಗೋ ಪಡುವಲಿಗೆ ಮಂಗಳೂರಿಗೋ ಹೋಗಬೇಕು. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ಈ ಸೀಮೆಯಲ್ಲಿ ನಮ್ಮ ಹಿರಿಯರು ಏರಿ ಹಾಕಿ, ಮಳೆಯ ನೀರನ್ನು ತಡೆದು ನಿಲ್ಲಿಸಿ, ಹಾಗೆ ನಿಂತ ನೀರಿಗೇ ಸಮುದ್ರವೆಂದೂ ಸಾಗರವೆಂದೂ ಹೆಸರಿಟ್ಟರು. ಇದನ್ನು ಬಡಾಯಿ ಎನ್ನುವವರುಂಟು. ನೀರಿನ ಬೆಲೆಯನ್ನು ಬಲ್ಲವರು ಆಡಿದ ಮಾತು ಇದೆಂದು ನನಗೆ ತೋರುತ್ತದೆ.

ಇಂಥ ಬಯಲುಸೀಮೆಯವರಿಗೆ ಹಾಯಿದೋಣಿಯ ಮಾತೇಕೆ ಎಂದು ನೀವು ಕೇಳಬಹುದು. ಕಾರಣವುಂಟು. ನೀರಿನ ವಿಚಾರದಲ್ಲಿ ನಾವು ಮಕ್ಕಳಿಗೆ ಕಲಿಸುವುದು ಒಂದೇ ಪಾಠ: 'ಕೆರೆಯ ಕಡೆ ಹೋಗಬೇಡ.' ಕೆರೆ ಬತ್ತಿದ್ದ ವರ್ಷಗಳಲ್ಲಿ ಆ ಪಾಠ ಸಾಲುತ್ತಿತ್ತು. ಆದರೆ ಒಳ್ಳೆಯ ಮಳೆಯಾದ ವರ್ಷ ಕೆರೆಗಳು ಕೋಡಿ ಬೀಳುತ್ತವೆ. ೨೦೧೮ರಿಂದ ಈಚೆಗೆ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳಿಗೆ ಬಂದಿದೆ. ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳಿವೆ. ಅದರೊಳಕ್ಕೆ ಜಾರಿದವನಿಗೆ ಹಿಡಿದುಕೊಳ್ಳಲು ಒಂದು ಬೇರು ಕೂಡ ಸಿಗುವುದಿಲ್ಲ. ನೀರು ಬಂದಿದೆ, ನೀರಿನ ಪರಿಚಯ ಬಂದಿಲ್ಲ. ಹಾಯಿದೋಣಿ ನೋಡುವುದಕ್ಕೆ ಬರಿಯ ವಿನೋದ. ಆದರೆ ನೀರನ್ನೂ ಗಾಳಿಯನ್ನೂ ಕ್ರಮವಾಗಿ ಪರಿಚಯ ಮಾಡಿಸುವುದರಲ್ಲಿ ಅದು ಒಂದು ಒಳ್ಳೆಯ ಶಾಲೆ.

ಆ ಶಾಲೆಗೆ ನಾವು ತೀರ ಅಕ್ಷರ ತಿಳಿಯದವರಾಗಿ ಹೋಗುವುದೂ ಇಲ್ಲ. ಕಣದಲ್ಲಿ ರಾಗಿ ತೂರುವ ರೈತನಿಗೆ ಗಾಳಿ ಯಾವ ದಿಕ್ಕಿನಿಂದ ಬರುತ್ತಿದೆ, ಯಾವಾಗ ಬಿದ್ದುಹೋಗುತ್ತದೆ ಎಂಬುದು ಚೆನ್ನಾಗಿ ಗೊತ್ತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ್ದೇ ಅಲ್ಲಿ. ಆಷಾಢದಲ್ಲಿ ಗಾಳಿಪಟ ಹಾರಿಸುವ ಹುಡುಗನಿಗೆ ದಾರವನ್ನು ಎಷ್ಟು ಎಳೆಯಬೇಕು, ಎಷ್ಟು ಸಡಿಲ ಬಿಡಬೇಕು ಎಂಬುದನ್ನು ಬೆರಳುಗಳೇ ಹೇಳುತ್ತವೆ. ಹಾಯಿದೋಣಿಗೆ ಬೇಕಾದ ಅರ್ಧ ವಿದ್ಯೆ ಇದೇ.

ಇನ್ನು ದೋಣಿಯ ವಿಷಯ. ಮಕ್ಕಳು ಮೊದಲು ಕಲಿಯುವ ದೋಣಿಗಳಲ್ಲಿ ಲೋಕಪ್ರಸಿದ್ಧವಾದದ್ದು 'ಆಪ್ಟಿಮಿಸ್ಟ್'. ೧೯೪೭ರಲ್ಲಿ ಅಮೆರಿಕದ ಫ್ಲಾರಿಡಾ ಸಂಸ್ಥಾನದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವನು ಊರಿನ ಹುಡುಗರಿಗಾಗಿ ಇದನ್ನು ರೂಪಿಸಿದ. ಎರಡು ಪ್ಲೈವುಡ್ ಹಲಗೆಗಳಲ್ಲಿ ಮುಗಿಯಬೇಕು, ಮನೆಯ ಹಿರಿಯರೇ ಕಟ್ಟಿಕೊಡುವಷ್ಟು ಸರಳವಾಗಿರಬೇಕು ಎಂಬುದು ಅವನ ಲೆಕ್ಕ. ಆದ್ದರಿಂದಲೇ ಇದರ ಮೂತಿ ಚೂಪಾಗಿಲ್ಲ, ಮೊಂಡು. ಉದ್ದ ಸುಮಾರು ೨.೩ ಮೀಟರು, ಒಡಲಿನ ತೂಕ ೩೫ ಕಿಲೋ. ಹಾಯಿ ಒಂದೇ. ಹದಿನೈದು ವರ್ಷದವರೆಗಿನ ಮಕ್ಕಳು ಒಬ್ಬೊಬ್ಬರೇ ಇದನ್ನು ನಡೆಸುತ್ತಾರೆ.

ದೋಣಿಯನ್ನು ಸಜ್ಜುಗೊಳಿಸುವುದು ದಡದಲ್ಲಿ ನಡೆಯುವ ಕೆಲಸ. ಮೊದಲು ದೋಣಿಯ ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ತಿರುಗಿಸಿಡಬೇಕು. ಹಾಗಿಟ್ಟರೆ ಹಾಯಿ ಬಾವುಟದಂತೆ ಪಟಪಟನೆ ಬಡಿದುಕೊಳ್ಳುತ್ತಿರುತ್ತದೆಯೇ ಹೊರತು ದೋಣಿಯನ್ನು ಎಳೆದಾಡುವುದಿಲ್ಲ. ಹಾಯಿಯನ್ನು ಕಂಬಕ್ಕೆ ಸಣ್ಣ ಸಣ್ಣ ದಾರಗಳಿಂದ ಕಟ್ಟುತ್ತಾರೆ. ಕಂಬವನ್ನು ದೋಣಿಯ ಮುಂಭಾಗದ ಅಡ್ಡಹಲಗೆಯ ತೂತಿನಲ್ಲಿ ಇಳಿಸಿ, ತಳದ ಗೂಡಿನಲ್ಲಿ ನಿಲ್ಲಿಸಿ, ಮೇಲಕ್ಕೆ ಕಿತ್ತುಬರದಂತೆ ಬಿಗಿಯುತ್ತಾರೆ. ದೋಣಿ ಮಗುಚಿದರೆ ಕಂಬ ಜಾರಿಹೋಗಬಾರದಲ್ಲ! ಹಾಯಿಯ ಕೆಳಅಂಚಿಗೆ ಒಂದು ಅಡ್ಡಗೋಲು. ಮೇಲಿನ ತುದಿಯನ್ನು ಎತ್ತಿಹಿಡಿಯಲು ಇನ್ನೊಂದು ಓರೆಗೋಲು. ಹಿಂಬದಿಗೆ ಚುಕ್ಕಾಣಿ. ಅಡ್ಡಗೋಲಿನಿಂದ ಒಂದು ಹಗ್ಗ ಇಳಿದು ಸವಾರನ ಕೈಗೆ ಬರುತ್ತದೆ. ಅದನ್ನು ಹಾಯಿಹಗ್ಗ ಎನ್ನೋಣ. ರಾಟೆಯಿಂದ ಜಾರದಂತೆ ಅದರ ಕೊನೆಗೆ ಎಂಟಂಕಿಯ ಆಕಾರದ ಗಂಟು ಹಾಕುತ್ತಾರೆ. ಒಳಗೆ ತುಂಬಿದ ನೀರನ್ನು ಮೊಗೆಯುವ ಚೊಂಬನ್ನೂ ದೋಣಿಗೆ ಕಟ್ಟಿಯೇ ಇಡಬೇಕು; ಇಲ್ಲವಾದರೆ ಬೇಕಾದ ಹೊತ್ತಿಗೆ ಅದು ತೇಲಿಹೋಗಿರುತ್ತದೆ.

ದೋಣಿಯ ನಡುವೆ ಉದ್ದನೆಯ ಸೀಳೊಂದುಂಟು. ದೋಣಿ ಸಾಕಷ್ಟು ಆಳದ ನೀರಿಗೆ ಇಳಿದ ಮೇಲೆ ಅದರೊಳಗಿಂದ ಒಂದು ಹಲಗೆಯನ್ನು ತಳದಾಚೆಗೆ ಇಳಿಬಿಡುತ್ತಾರೆ. ಇದು ಕಣ್ಣಿಗೆ ಕಾಣದೆ ಕೆಲಸ ಮಾಡುವ ಅಂಗ. ಇದರ ಗುಟ್ಟನ್ನು ತಿಳಿಯಲು ನೆನೆದ ಹುಣಸೆ ಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿ ನೋಡಿ. ಒತ್ತುವುದು ಅಕ್ಕಪಕ್ಕದಿಂದ; ಬೀಜ ಚಿಮ್ಮುವುದು ಮುಂದಕ್ಕೆ. ಹಾಗೆಯೇ, ಒಂದು ಕಡೆಯಿಂದ ಗಾಳಿ ಹಾಯಿಯನ್ನು ದೂಡುತ್ತದೆ. ನೀರೊಳಗಿನ ಹಲಗೆ ದೋಣಿ ಪಕ್ಕಕ್ಕೆ ಸರಿಯದಂತೆ ತಡೆಯುತ್ತದೆ. ದೋಣಿಗೆ ಉಳಿದ ದಾರಿ ಒಂದೇ, ಮುಂದಕ್ಕೆ ಹೋಗುವುದು.

ಬೆನ್ನಗಾಳಿಯಲ್ಲಿ ದೋಣಿ ಹೋದರೆ ಯಾರಿಗೂ ಆಶ್ಚರ್ಯವಿಲ್ಲ. ಗಾಳಿ ಬರುವ ಕಡೆಗೇ ಹೋಗುವುದು ಹೇಗೆ? ನೇರವಾಗಿ ಸಾಧ್ಯವಿಲ್ಲ. ಗಾಳಿಯ ದಿಕ್ಕಿನಿಂದ ಆಚೆಗೂ ಈಚೆಗೂ ಸುಮಾರು ೪೫ ಡಿಗ್ರಿಯಷ್ಟು ಜಾಗ ಹಾಯಿಗೆ ನಿಷಿದ್ಧ. ಆದರೆ ಘಾಟಿಯ ರಸ್ತೆ ಬೆಟ್ಟವನ್ನು ಹೇಗೆ ಹತ್ತುತ್ತದೆ? ಬಲಕ್ಕೊಮ್ಮೆ, ಎಡಕ್ಕೊಮ್ಮೆ ಬಳಸಿಕೊಂಡು ತಾನೆ? ದೋಣಿಯೂ ಹಾಗೆಯೇ ಓರೆಓರೆಯಾಗಿ ಸಾಗಿ, ಎದುರುಗಾಳಿಯನ್ನೇ ಏರುತ್ತದೆ. ತಿರುಗುವಾಗ ಹಾಯಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹಾಯುತ್ತದೆ. ಸವಾರನೂ ಅಡ್ಡಗೋಲಿಗೆ ತಲೆ ಬಗ್ಗಿಸಿ ಆಚೆ ಮಗ್ಗುಲಿಗೆ ಹೋಗಿ ಕೂರಬೇಕು. ಬಗ್ಗದವನಿಗೆ ಅಡ್ಡಗೋಲೇ ಬಗ್ಗುವುದನ್ನು ಕಲಿಸುತ್ತದೆ.

ಈಗ ಮುಖ್ಯವಾದ ಮಾತು. ಹೊಸಬನು ದೋಣಿಯಲ್ಲಿ ಕುಳಿತಿದ್ದಾನೆ. ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ, ಇನ್ನೊಂದರಲ್ಲಿ ಹಾಯಿಹಗ್ಗ. ಬಿರುಗಾಳಿಯೊಂದು ಬೀಸಿ ದೋಣಿ ವಾಲುತ್ತದೆ. ಅವನು ಏನು ಮಾಡುತ್ತಾನೆ? ಹೆದರಿದ ಮನುಷ್ಯನ ಕೈ ಸಹಜವಾಗಿ ಬಿಗಿಯುತ್ತದೆ. ಸಿಕ್ಕ ಹಗ್ಗವನ್ನು ಗಟ್ಟಿಯಾಗಿ ಹಿಡಿದು ಎಳೆಯುತ್ತಾನೆ. ಎಳೆದಷ್ಟೂ ಹಾಯಿ ಗಾಳಿಯನ್ನು ತುಂಬಿಕೊಳ್ಳುತ್ತದೆ, ದೋಣಿ ಮತ್ತಷ್ಟು ವಾಲುತ್ತದೆ. ಅವನು ಮಾಡಬೇಕಾದದ್ದು ಇದಕ್ಕೆ ತೀರ ವಿರುದ್ಧ: ಹಗ್ಗವನ್ನು ಬಿಡಬೇಕು. ಬಿಟ್ಟೊಡನೆ ಹಾಯಿ ಗಾಳಿಯನ್ನು ಚೆಲ್ಲಿ ಬಡಿದುಕೊಳ್ಳತೊಡಗುತ್ತದೆ, ದೋಣಿ ನೆಟ್ಟಗಾಗಿ ನಿಧಾನವಾಗುತ್ತದೆ. ಈ ವಾಹನಕ್ಕೆ ಬ್ರೇಕಿಲ್ಲ. ಬಿಡುವುದೇ ಅದರ ಬ್ರೇಕು. ಆದ್ದರಿಂದ ಹಾಯಿಹಗ್ಗವನ್ನು ಕಲಿಯುವವನು ಎಂದೂ ದೋಣಿಗೆ ಕಟ್ಟಿಹಾಕಬಾರದು, ಕೈಗೂ ಸುತ್ತಿಕೊಳ್ಳಬಾರದು.

ಇಷ್ಟಾದರೂ ದೋಣಿ ಒಂದಲ್ಲ ಒಂದು ದಿನ ಮಗುಚುತ್ತದೆ. ಒಳ್ಳೆಯ ಗುರು ಅದನ್ನು ಅಪಘಾತವೆಂದು ಕಾಯದೆ, ಪಾಠವಾಗಿಯೇ ಮಾಡಿಸುತ್ತಾನೆ. ಮೈಮೇಲೆ ಲೈಫ್ ಜಾಕೆಟ್ ಇರಬೇಕು. ಮಗುಚಿದ ದೋಣಿಯನ್ನು ಬಿಟ್ಟು ದಡದ ಕಡೆ ಈಜಬಾರದು. ದಡ ಕಣ್ಣಿಗೆ ಹತ್ತಿರ, ತೋಳಿಗೆ ದೂರ. ಒಳಗಿನ ಗಾಳಿಚೀಲಗಳಿಂದ ದೋಣಿ ತೇಲುತ್ತಲೇ ಇರುತ್ತದೆ. ಅದನ್ನು ಹಿಡಿದುಕೊಂಡು ಹಿಂಬದಿಯಿಂದ ಬಳಸಿ ಹೋಗಿ, ತಳದ ಹಲಗೆಯ ಮೇಲೆ ಮೈಭಾರ ಹಾಕಿದರೆ ದೋಣಿ ನಿಧಾನವಾಗಿ ಎದ್ದು ನಿಲ್ಲುತ್ತದೆ. ಆಮೇಲೆ ಹತ್ತಿ ಕುಳಿತು ನೀರು ಮೊಗೆಯುವುದು. ಹೀಗೆ ನಾಲ್ಕು ಸಲ ಬಿದ್ದೆದ್ದ ಮಗುವಿಗೆ ನೀರಿನ ಬಗ್ಗೆ ಹುಂಬ ಧೈರ್ಯವೂ ಇರುವುದಿಲ್ಲ, ಕೈಕಾಲು ಕಟ್ಟಿಹಾಕುವ ಭಯವೂ ಇರುವುದಿಲ್ಲ.

ಕಲಿಯುವುದೆಲ್ಲಿ? ಊರಿನ ಕೆರೆಯಲ್ಲಲ್ಲ. ಅಲ್ಲಿ ಹೂಳುಂಟು, ಮುಳುಗಿದ ಜಾಲಿಯುಂಟು, ತೂಬಿನ ಸೆಳೆತವುಂಟು. ಸಂಸ್ಕರಿಸಿದ ನೀರು ಬಂದಿರುವುದೂ ಅಂತರ್ಜಲ ಹೆಚ್ಚಲೆಂದೇ ಹೊರತು ಅದರಲ್ಲಿ ಆಡಲೆಂದಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಾಯಿದೋಣಿಯ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಕನ್ನಂಬಾಡಿಯ ಹಿನ್ನೀರಿನಲ್ಲಿ ಎಳೆಯರ ಸ್ಪರ್ಧೆಗಳು ನಡೆದಿವೆ. ಕಡಲು ಕಾಣದವರಿಗೆ ಈ ವಿದ್ಯೆ ಹತ್ತುವುದಿಲ್ಲವೆಂಬುದೂ ಸುಳ್ಳು. ೧೯೮೫ರಿಂದ ೧೯೮೭ರವರೆಗೆ 'ತೃಷ್ಣಾ' ಎಂಬ ಹಾಯಿನೌಕೆಯಲ್ಲಿ ಭೂಮಂಡಲವನ್ನು ಸುತ್ತಿಬಂದ ಮೊದಲ ಭಾರತೀಯರು ನೌಕಾದಳದವರಲ್ಲ. ಸೇತುವೆ, ರಸ್ತೆ ಕಟ್ಟುವ ಭೂಸೇನೆಯ ಎಂಜಿನಿಯರುಗಳು. ೨೦೧೭–೧೮ರಲ್ಲಿ ನೌಕಾದಳದ ಆರು ಮಂದಿ ಮಹಿಳೆಯರು 'ತಾರಿಣಿ'ಯಲ್ಲಿ ಅದೇ ಪ್ರದಕ್ಷಿಣೆಯನ್ನು ಮುಗಿಸಿದರು.

ನಿಮ್ಮ ಮನೆಯ ಮಕ್ಕಳು ಭೂಮಿಯನ್ನು ಸುತ್ತಬೇಕಾಗಿಲ್ಲ. ಮೊದಲು ಈಜು ಕಲಿಯಲಿ, ಕಲಿಸುವವರು ಬಲ್ಲವರಾಗಿರಲಿ. ರಜೆಯಲ್ಲಿ ಅವಕಾಶ ಸಿಕ್ಕಿದರೆ ಒಂದು ವಾರ ಹಾಯಿಹಗ್ಗವನ್ನೂ ಹಿಡಿಯಲಿ. ಹಿಡಿಯುವುದನ್ನು ಎಲ್ಲರೂ ಕಲಿಸುತ್ತಾರೆ. ಯಾವಾಗ ಬಿಡಬೇಕೆಂಬುದನ್ನು ಗಾಳಿ ಕಲಿಸಿಕೊಡುತ್ತದೆ.