ನೀರೂ ನಾಡೂ: ವಿಯೆಟ್ನಾಮಿನಲ್ಲೊಂದು ಸಂಚಾರ



ವಿಯೆಟ್ನಾಮೀ ಭಾಷೆಯಲ್ಲಿ ನೀರಿಗೂ ನಾಡಿಗೂ ಒಂದೇ ಶಬ್ದವಿರುವುದು. ನಾವು ನೆಲ, ಜಲ ಎಂದು ಬೇರೆ ಬೇರೆ ಹೆಸರಿಟ್ಟು ಜೋಡಿಸಿ ಹೇಳುವೆವು. ಅಲ್ಲಿಯ ಜನ ಅಷ್ಟು ಭೇದವನ್ನೂ ಇಟ್ಟುಕೊಂಡಿಲ್ಲ. ಭೂಪಟವನ್ನು ತೆಗೆದು ನೋಡಿದರೆ ಇದರ ಕಾರಣ ತಾನೇ ತಿಳಿಯುವುದು. ಪಶ್ಚಿಮಕ್ಕೆ ಬೆಟ್ಟ, ಪೂರ್ವಕ್ಕೆ ಕಡಲು, ನಡುವೆ ಪಟ್ಟಿಯಂತೆ ನೀಳವಾದ ನೆಲ. ಆ ಪಟ್ಟಿಯನ್ನು ಅಡ್ಡಲಾಗಿ ಕೊಯ್ದುಕೊಂಡು ಹರಿಯುವ ನದಿಗಳು. ಅಲ್ಲಿಯ ಹಳೆಯ ಪಟ್ಟಣಗಳೆಲ್ಲ ಈ ನದಿಗಳ ಮಕ್ಕಳು. ಆದಕಾರಣ ಆ ದೇಶವನ್ನು ನೋಡಬಯಸುವವರು ನೀರಿನ ಜಾಡನ್ನು ಹಿಡಿದು ನೋಡುವುದು ಲೇಸು. ಈ ಹೊತ್ತು ತಮ್ಮನ್ನು ಆ ಜಾಡಿನಲ್ಲಿ ಉತ್ತರದಿಂದ ಮಧ್ಯದೇಶದವರೆಗೆ ಕರೆದುಕೊಂಡು ಹೋಗುವ ಆಸೆ ನನ್ನದು.

ಉತ್ತರದಲ್ಲಿ ಹ ಲಾಂಗ್ ಎಂಬ ಕೊಲ್ಲಿ. ‘ಇಳಿದು ಬಂದ ಮಹಾಸರ್ಪ’ ಎಂಬುದು ಆ ಹೆಸರಿನ ಅರ್ಥ. ಶತ್ರುಗಳು ಹಡಗೇರಿ ಬಂದಾಗ ಆಕಾಶದಿಂದಿಳಿದ ಸರ್ಪಗಳು ಉಗುಳಿದ ರತ್ನಗಳೇ ಅಲ್ಲಿಯ ದ್ವೀಪಗಳಾದುವೆಂದು ಐತಿಹ್ಯ. ಭೂಶಾಸ್ತ್ರಜ್ಞರ ಮಾತು ಬೇರೆ: ಮಳೆನೀರು ಲಕ್ಷಾಂತರ ವರ್ಷ ಕೊರೆದ ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಕಡಲು ನುಗ್ಗಿ, ಶಿಖರಗಳಷ್ಟೇ ಮೇಲೆ ಉಳಿದಿವೆ. ಎಣಿಸಿದವರು ಅವು ಸಾವಿರದ ಒಂಬೈನೂರಕ್ಕೂ ಹೆಚ್ಚೆನ್ನುವರು. 1994ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕೊಲ್ಲಿಯನ್ನು ಲೋಕದ ಸೊತ್ತೆಂದು ಪಟ್ಟಿಯಲ್ಲಿ ಸೇರಿಸಿತು. ನೋಟಕ್ಕೆ ಅದು ಸೌಮ್ಯ. ಆದರೆ ಸಮೀಪದಲ್ಲಿಯೇ ಬಾಕ್ ದಾಂಗ್ ನದಿಯ ಮುಖವುಂಟು. 1288ರಲ್ಲಿ ತ್ರಾನ್ ಹುಂಗ್ ದಾವೊ ಎಂಬ ಸೇನಾನಿಯು ಆ ನದಿಯಲ್ಲಿ ಚೂಪಾದ ಮರದ ಗೂಟಗಳನ್ನು ನೆಡಿಸಿ, ಭರತದ ವೇಳೆಯಲ್ಲಿ ಮಂಗೋಲರ ನೌಕೆಗಳನ್ನು ಒಳಕ್ಕೆ ಸೆಳೆದು, ಇಳಿತ ಬಂದಾಗ ಅವನ್ನು ಆ ಗೂಟಗಳ ಮೇಲೆ ಸಿಕ್ಕಿಸಿ ಸುಡಿಸಿದನು. ಅಲ್ಲಿ ನೀರೇ ಕೋಟೆಯಾಯಿತು.

ದಕ್ಷಿಣಕ್ಕೆ ರೈಲಿನಲ್ಲಿ ಸಾಗಿದರೆ ಪರಿಮಳನದಿಯ ದಡದಲ್ಲಿ ಹುಯೆ ನಗರ. 1802ರಿಂದ 1945ರವರೆಗೆ ನುಯೆನ್ ವಂಶದ ಅರಸರು ಇಲ್ಲಿಂದ ಆಳಿದರು. ಹೊರಕೋಟೆ, ಅದರೊಳಗೆ ಅರಮನೆಯ ಕೋಟೆ, ಅದರೊಳಗೆ ಅಂತಃಪುರ. ಸುತ್ತ ಕಂದಕ, ಕಂದಕದಲ್ಲಿ ತಾವರೆ. ಅರಸರ ಸಮಾಧಿಗಳಿಗೆ ಹೋಗುವವರು ದೋಣಿಯಲ್ಲಿ ಹೋಗಬಹುದು. ಸಂಜೆಯ ಹೊತ್ತು ಆ ನದಿಯ ಮೇಲೆ ಹುಟ್ಟಿನ ಸದ್ದನ್ನು ಕೇಳುತ್ತ ಕುಳಿತವನಿಗೆ ಇಲ್ಲಿ ಯುದ್ಧವಾಯಿತೆಂದರೆ ನಂಬುವುದು ಕಷ್ಟ. ಆದರೂ 1947ರಲ್ಲಿ ಅರಮನೆಯ ಬಹುಭಾಗ ಬೆಂಕಿಗೆ ತುತ್ತಾಯಿತು. 1968ರಲ್ಲಿ ವಾರಗಟ್ಟಲೆ ನಡೆದ ಕದನದಲ್ಲಿ ಉಳಿದುದೂ ಬಹಳವಾಗಿ ನೆಲಕಚ್ಚಿತು.

ಹುಯೆಯಿಂದ ಮುಂದಕ್ಕೆ ಹಾಯ್ ವಾನ್ ಎಂಬ ಘಟ್ಟವನ್ನು ದಾಟಿದರೆ ದಾ ನಾಂಗ್ ಬಂದರು. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ತು ಬೋನ್ ನದಿಯು ಕಡಲನ್ನು ಸೇರುವೆಡೆಯಲ್ಲಿ, ಹೋಯ್ ಆನ್ ಪಟ್ಟಣ. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಚೀನದ, ಜಪಾನಿನ ವರ್ತಕರು ರೇಷ್ಮೆಗೂ ಪಿಂಗಾಣಿಗೂ ಇಲ್ಲಿಗೆ ಬರುತ್ತಿದ್ದರು. ಜಪಾನೀಯರು ಕಟ್ಟಿದ ಮಾಡುಳ್ಳ ಸೇತುವೆ ಈಗಲೂ ಇದೆ. ಬರಬರುತ್ತ ನದಿಯಲ್ಲಿ ಹೂಳು ತುಂಬಿತು. ದೊಡ್ಡ ಹಡಗುಗಳು ದಾ ನಾಂಗಿಗೆ ತಿರುಗಿದುವು. ಹೋಯ್ ಆನ್ ಬಡವಾಯಿತು. ಆ ಬಡತನವೇ ಅದನ್ನು ಕಾಪಾಡಿತು. ಹಣವಿದ್ದಿದ್ದರೆ ಹಳೆಯ ಮನೆಗಳನ್ನು ಕೆಡವಿ ಹೊಸವನ್ನು ಕಟ್ಟುತ್ತಿದ್ದರು. ಈಗಲೂ ಹೆಚ್ಚು ಕಡಿಮೆ ವರ್ಷವರ್ಷವೂ ನೆರೆ ಒಳಕ್ಕೆ ಬರುವುದು. ನಾನು ಹೊಕ್ಕ ಒಂದು ಮನೆಯ ಗೋಡೆಯ ಮೇಲೆ ಒಂದೊಂದು ನೆರೆಯ ಎತ್ತರವನ್ನೂ ಇಸವಿಯೊಂದಿಗೆ ಗುರುತು ಮಾಡಿದ್ದರು. 1964ರದು ತಲೆಗಿಂತ ಮೇಲಿತ್ತು. ಮಹಡಿಯ ನೆಲದಲ್ಲಿ ಚೌಕವಾದ ಒಂದು ಕಿಂಡಿ. ನೀರು ಬಂದಾಗ ಸರಕನ್ನು ಅದರ ಮೂಲಕ ಮೇಲಕ್ಕೆಳೆದುಕೊಳ್ಳುವರು. ನದಿಯೊಡನೆ ಜಗಳವಾಡದೆ ಹೊಂದಿಕೊಂಡು ಬಾಳುವ ಮನೆತನಗಳವು.

ಇದೇ ನದಿಯ ಎದುರು ದಿಕ್ಕಿನಲ್ಲಿ ಮೇಲಕ್ಕೆ ಹೋದರೆ ವಿಯೆಟ್ನಾಮೀಯರಿಗಿಂತ ಹಿಂದೆ ಆ ಕರಾವಳಿಯನ್ನು ಆಳಿದ ಚಂಪಾ ರಾಜ್ಯದ ಸೀಮೆ. ನದೀಮುಖದಲ್ಲಿ ಅವರ ಬಂದರು, ನಡುವೆ ಸಿಂಹಪುರವೆಂಬ ರಾಜಧಾನಿ, ಮಹಾಪರ್ವತದ ಬುಡದಲ್ಲಿ ಮಿ ಸನ್ ಎಂಬ ದೇವಾಲಯಗಳ ಕಣಿವೆ. ಒಂದೇ ಹೊಳೆಯ ಉದ್ದಕ್ಕೆ ವರ್ತಕ, ದೊರೆ, ದೇವರು! ನಾಲ್ಕನೆಯ ಶತಮಾನದ ಕೊನೆಯಲ್ಲಿ ಭದ್ರವರ್ಮನೆಂಬ ದೊರೆ ಭದ್ರೇಶ್ವರನೆಂಬ ಲಿಂಗವನ್ನು ಇಲ್ಲಿ ಪ್ರತಿಷ್ಠಿಸಿದನು. ಸರಿಸುಮಾರಾಗಿ ಆ ಕಾಲಕ್ಕೆ ನಮ್ಮ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದರು. ಚಂಪಾದ ಶಾಸನಗಳ ಲಿಪಿಯೂ ನಮ್ಮ ಕನ್ನಡದ ಲಿಪಿಯೂ ದಕ್ಷಿಣದ ಬ್ರಾಹ್ಮಿಯಿಂದಲೇ ಬೆಳೆದುವಾದುದರಿಂದ ಅಲ್ಲಿಯ ಕಲ್ಲುಗಳ ಮುಂದೆ ನಿಂತ ಕನ್ನಡಿಗನಿಗೆ ದೂರದ ಬಂಧುವಿನ ಮುಖವನ್ನು ಕಂಡಂತಾಗುವುದು. ದೇಗುಲಗಳು ಬಹುಮಟ್ಟಿಗೆ ಇಟ್ಟಿಗೆಯವು. ಇಟ್ಟಿಗೆಗೂ ಇಟ್ಟಿಗೆಗೂ ನಡುವೆ ಗಾರೆ ಕಣ್ಣಿಗೆ ಕಾಣದು. ಯಾವುದರಿಂದ ಅಂಟಿಸಿದರೆಂಬ ವಿಷಯದಲ್ಲಿ ಪಂಡಿತರಲ್ಲಿ ಇಂದಿಗೂ ಏಕಾಭಿಪ್ರಾಯವಿಲ್ಲ.

ಈ ಗುಡಿಗಳಲ್ಲಿ ಅತ್ಯಂತ ಉನ್ನತವೂ ಸುಂದರವೂ ಆಗಿದ್ದ ಗೋಪುರ 1969ರ ಆಗಸ್ಟಿನಲ್ಲಿ ಅಮೆರಿಕದ ವಿಮಾನಗಳು ಬಾಂಬು ಹಾಕಿದಾಗ ಉರುಳಿಬಿದ್ದಿತು. ಸಾವಿರ ವರ್ಷದ ಮಳೆ ಗಾಳಿಗೆ ಜಗ್ಗದಿದ್ದುದು ಒಂದು ದಾಳಿಗೆ ಹೋಯಿತು. ಯುದ್ಧ ಮುಗಿದ ಮೇಲೆ ಕಣಿವೆಯಲ್ಲಿ ಹುದುಗಿದ್ದ ಸಿಡಿಗುಂಡುಗಳನ್ನು ತೆಗೆಯುವಾಗಲೂ ಕೆಲವರು ಪ್ರಾಣ ಕಳೆದುಕೊಂಡರು. ಆ ಬಳಿಕ ಪೋಲೆಂಡಿನಿಂದ ಕಾಜಿಮಿಯೆಜ್ ಕ್ವಿಯಾಟ್ಕೋವ್ಸ್ಕಿ ಎಂಬ ವಾಸ್ತುಶಿಲ್ಪಿ ಬಂದರು. ಹೆಸರು ನಾಲಗೆಗೆ ತೊಡಕು. ಅಲ್ಲಿಯವರು ಅಕ್ಕರೆಯಿಂದ ಕಾಜಿಕ್ ಎಂದರು. ಇವರು 1980ರ ದಶಕದಲ್ಲಿ ಕಾಡಿನಂತಿದ್ದ ಆ ಕಣಿವೆಯಲ್ಲಿ ಬೀಡುಬಿಟ್ಟು ವಾಲಿದ ಗೋಡೆಗಳಿಗೆ ಆಸರೆ ಕೊಟ್ಟರು. ಹೋಯ್ ಆನ್ ಪಟ್ಟಣದ ಬೆಲೆಯನ್ನು ಹೊರಗಿನವರಿಗೂ ಊರಿನವರಿಗೂ ತಿಳಿಯಹೇಳಿದರು. 1997ರಲ್ಲಿ ಹುಯೆಯಲ್ಲಿ ಕೆಲಸದ ನಡುವೆಯೇ ತೀರಿಕೊಂಡರು. ಎರಡು ವರ್ಷದ ತರುವಾಯ, 1999ರಲ್ಲಿ, ಹೋಯ್ ಆನ್, ಮಿ ಸನ್ ಎರಡೂ ಯುನೆಸ್ಕೋದ ಪಟ್ಟಿಗೆ ಸೇರಿದುವು. ಹೋಯ್ ಆನ್‌ನಲ್ಲಿ ಅವರ ಪ್ರತಿಮೆಯಿದೆ.

ಈಗ ನನ್ನ ಮನಸ್ಸನ್ನು ಬಹಳ ದಿನ ಕಾಡಿದ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡುವೆನು. ಬಿದ್ದುದನ್ನು ಮತ್ತೆ ಕಟ್ಟಬೇಕೋ, ಬಿದ್ದಂತೆಯೇ ಉಳಿಸಬೇಕೋ? ಹುಯೆಯಲ್ಲಿ ಕಟ್ಟಿದ್ದಾರೆ. 1947ರಲ್ಲಿ ನಾಶವಾದ ಕಿಯೆನ್ ಚುಂಗ್ ಎಂಬ ಅರಮನೆ ಮತ್ತೆ ಎದ್ದು, 2024ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಮಿ ಸನ್‌ನಲ್ಲಿ ಆ ದೊಡ್ಡ ಗೋಪುರವನ್ನು ಹಿಂದಿನ ಎತ್ತರಕ್ಕೆ ಏರಿಸಿಲ್ಲ. ನಾನು ಹೋದಾಗ ಗರ್ಭಗೃಹದ ಕಲ್ಲಿನ ಪೀಠ ಬಯಲಿನಲ್ಲಿತ್ತು, ಸುತ್ತಲೂ ಮುರಿದ ಗೋಡೆ. ಮೊದಲು ನನಗೆ ಹುಯೆಯವರ ದಾರಿಯೇ ಸರಿಯೆನಿಸಿತ್ತು. ಆ ಪೀಠದ ಮುಂದೆ ನಿಂತ ಮೇಲೆ ಅಷ್ಟು ಧೈರ್ಯವಾಗಿ ಹೇಳಲಾರದವನಾದೆ. ಕಿಯೆನ್ ಚುಂಗ್ ಕಟ್ಟಿದ್ದು 1920ರ ದಶಕದಲ್ಲಿ. ಅದರ ಛಾಯಾಚಿತ್ರಗಳಿದ್ದುವು, ಅಂಥ ಕೆಲಸವನ್ನು ಬಲ್ಲ ಕುಶಲಿಗಳೂ ಇದ್ದರು. ಚಂಪಾದ ಗೋಪುರದ್ದೂ ಅಳತೆಗಳೂ ಚಿತ್ರಗಳೂ ಉಂಟು. 20ನೆಯ ಶತಮಾನದ ಮೊದಲಲ್ಲೇ ಫ್ರಾನ್ಸಿನ ವಿದ್ವಾಂಸ ಪಾರ್ಮಾಂತಿಯೆ ಬರೆದಿಟ್ಟಿದ್ದರು. ಇಲ್ಲದಿರುವುದು ಆ ಕೈ. ಆಕಾರ ತಿಳಿದ ಮಾತ್ರಕ್ಕೆ ಕಸುಬು ಬಂದಂತಾಗುವುದಿಲ್ಲ. ಕಸುಬನ್ನು ಅರಿಯದೆ ಆಕಾರವನ್ನಷ್ಟೇ ಎಬ್ಬಿಸಿದರೆ ಅದು ಗುಡಿಯಾಗದೆ ಗುಡಿಯ ವೇಷವಾದೀತು. ತಿಳಿದಷ್ಟನ್ನು ಕಟ್ಟುವುದು, ತಿಳಿಯದುದರ ಮುಂದೆ ಕೈಕಟ್ಟಿ ನಿಲ್ಲುವುದು: ಕಾಜಿಕ್ ಹಿಡಿದ ದಾರಿ ಇದೇ ಆಗಿತ್ತು.

ನಮ್ಮ ದೇಶದ ಪುರಾತತ್ತ್ವ ಇಲಾಖೆಯವರು 2017ರಿಂದ ಕೆಲವು ವರ್ಷ ಇಲ್ಲಿ ಕೆಲಸ ಮಾಡಿದರು. ಅವರೂ ಬಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಶೋಧಿಸಿದರು. 2020ರಲ್ಲಿ ಹಾಗೆ ತೆಗೆಯುತ್ತಿದ್ದಾಗ ಒಂಬತ್ತನೆಯ ಶತಮಾನದ ಏಕಶಿಲೆಯ ಶಿವಲಿಂಗವೊಂದು ಮುಕ್ಕಾಗದೆ ದೊರೆಯಿತು. ಅವಸರದಿಂದ ಮಣ್ಣು ಬಳಿದು ಹೊಸ ಗೋಡೆಯೆಬ್ಬಿಸಿದ್ದರೆ ಅದು ಅಡಿಯಲ್ಲಿಯೇ ಉಳಿಯುತ್ತಿತ್ತು. ಹಾಳುಗುಪ್ಪೆಯೂ ಒಂದು ಗ್ರಂಥವೇ. ತಾಳ್ಮೆಯುಳ್ಳವರಿಗೆ ಮಾತ್ರ ಅದರ ಪುಟಗಳು ತೆರೆಯುವುವು.

ಮಿ ಸನ್‌ನ 658ರ ಶಾಸನವೊಂದು ಗಂಗಾರಾಜನೆಂಬ ಹಿಂದಿನ ದೊರೆಯನ್ನು ನೆನೆಯುವುದು. ಬಿಡಲು ಕಷ್ಟವಾದ ರಾಜ್ಯವನ್ನು ಬಿಟ್ಟು, ಗಂಗೆಯ ದರ್ಶನವೇ ಪರಮಸುಖವೆಂದು ಬಗೆದು, ಅವನು ಇತ್ತ ಹೊರಟುಬಂದನಂತೆ. ಒಂದು ನದಿಯನ್ನು ನೋಡುವುದಕ್ಕಾಗಿ ಅವನು ಕಡಲನ್ನೇ ದಾಟಿದನು. ನಮಗೆ ಬಿಡಲು ರಾಜ್ಯವಿಲ್ಲ, ರಜೆಯ ಕೆಲವು ದಿನಗಳುಂಟು. ಆ ನಾಡಿಗೆ ತಾವು ಹೋದಾಗ ಕೊಲ್ಲಿಯ ಸೊಬಗನ್ನೂ ಕೋಟೆಯ ತಾವರೆಯನ್ನೂ ಕಂಡು ಸಂತೋಷಪಡಿರಿ. ಆದರೆ ತು ಬೋನ್ ನದಿಯ ಮೇಲ್ದಿಕ್ಕಿನ ಆ ಮುರಿದ ಗೋಡೆಯ ಬಳಿಯೂ ಒಂದು ಗಳಿಗೆ ನಿಲ್ಲಿರಿ. ನಿಂತಿರುವ ಗೋಪುರ ಕಟ್ಟಿದವರನ್ನು ನೆನಪಿಗೆ ತರುವುದು. ಬಿದ್ದಿರುವುದು, ಉಳಿಸಬೇಕಾದವರು ನಾವೆಂಬುದನ್ನು ನೆನಪಿಗೆ ತರುವುದು.